ಅಡ್ಯಾರಿನ ಪಾಠ
ಕ್ಯಾನ್ಸರ್ ರೋಗಿಯ ಪೂರ್ಣ ಶುಶ್ರೂಷೆ ಎಂದರೇನು?

ಕೆಲವು ರೋಗಗಳು ಒಬ್ಬನ ದೇಹವನ್ನು ಕಾಡಿ ಹೋಗುವವು. ಮತ್ತೆ ಕೆಲವು ಇಡೀ ಮನೆತನವನ್ನೇ ಕಾಡುವವು. ಕ್ಯಾನ್ಸರ್ ಈ ಎರಡನೆಯ ವರ್ಗಕ್ಕೆ ಸೇರಿದ್ದು. ನಮ್ಮ ಹಳ್ಳಿಗಳಲ್ಲಿ ಇದರ ಹೆಸರನ್ನು ಬಾಯಿಬಿಟ್ಟು ಹೇಳುವವರು ಇಂದಿಗೂ ವಿರಳ. ದನಿ ತಗ್ಗಿಸಿ, "ಅವರಿಗೆ ಅದು ಆಗಿದೆಯಂತೆ" ಎಂದು ಹೇಳಿ ಮುಂದಕ್ಕೆ ಸಾಗುವರು. ರೋಗಿಯ ಮನೆಯಲ್ಲಿ ಮೊದಲು ಕೈಬಿಡುವದು ಕಿವಿಯೋಲೆ, ಆಮೇಲೆ ಎತ್ತು, ಆಮೇಲೆ ಹೊಲ. ಮಗಳ ಮದುವೆ ಮುಂದಕ್ಕೆ ಹೋಗುವದು, ಮಗನ ಶಾಲೆ ನಿಲ್ಲುವದು. ಇಷ್ಟೆಲ್ಲ ಕಳೆದುಕೊಂಡ ಮೇಲೂ ಅನೇಕರ ಚಿಕಿತ್ಸೆ ಅರ್ಧದಲ್ಲಿಯೇ ನಿಂತುಹೋಗುವದೆಂಬದು ವೈದ್ಯರಿಗೆಲ್ಲ ತಿಳಿದ ಕಹಿ ಸತ್ಯ.

ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ಅಂದಾಜಿನಂತೆ 2022ನೆಯ ಇಸವಿಯೊಂದರಲ್ಲಿಯೇ ಭಾರತದಲ್ಲಿ ಸುಮಾರು 14 ಲಕ್ಷ ಜನರಿಗೆ ಹೊಸದಾಗಿ ಈ ರೋಗ ತಗುಲಿತು. ಸುಮಾರು 9 ಲಕ್ಷ ಜನ ಇದರಿಂದ ಮಡಿದರು. ಒಂದು ದೊಡ್ಡ ಪಟ್ಟಣದ ಜನಸಂಖ್ಯೆಯಷ್ಟು ಜನರನ್ನು ವರುಷವೂ ನುಂಗುವ ಈ ವಿಪತ್ತನ್ನು ಎದುರಿಸುವದಕ್ಕೆ ನಾವು ಆಸ್ಪತ್ರೆಗಳನ್ನು ಕಟ್ಟಬೇಕು, ಯಂತ್ರಗಳನ್ನು ತರಿಸಬೇಕು ಎಂಬದರಲ್ಲಿ ಎರಡು ಮಾತಿಲ್ಲ. ಆದರೆ ಯಂತ್ರ ಬಂದ ದಿನ ಹಾರ ತುರಾಯಿಗಳು ಕಾಣುವವು. ಆ ಯಂತ್ರದ ಬಾಗಿಲಿಗೆ ಬಂದ ರೋಗಿ ರಾತ್ರಿ ಎಲ್ಲಿ ಮಲಗುವನು, ಬೆಳಿಗ್ಗೆ ಏನು ಉಣ್ಣುವನು, ಆರು ವಾರದ ಕೂಲಿಯನ್ನು ಕಳೆದುಕೊಂಡು ಊರಿಗೆ ಮರಳಿದ ಮೇಲೆ ಅವನ ಗತಿಯೇನು ಎಂಬ ಪ್ರಶ್ನೆಗಳನ್ನು ಆ ದಿನ ಯಾರೂ ಕೇಳುವದಿಲ್ಲ. ಈ ಪ್ರಶ್ನೆಗಳನ್ನು ಕೇಳಿ, ಅವುಗಳಿಗೆ ತನ್ನ ಶಕ್ತ್ಯನುಸಾರ ಉತ್ತರವನ್ನೂ ಕೊಟ್ಟ ಒಂದು ಸಂಸ್ಥೆಯ ವೃತ್ತಾಂತವನ್ನು ಇಂದು ವಾಚಕರ ಮುಂದಿಡಲು ನಾವು ಬಯಸುವೆವು. ಅದು ಚೆನ್ನೈಯ ಅಡ್ಯಾರಿನಲ್ಲಿರುವ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್.

ಒಂದು ಸಾವಿನಿಂದ ಹುಟ್ಟಿದ ಸಂಕಲ್ಪ

ಈ ಸಂಸ್ಥೆಯ ಮೂಲಪುರುಷರು ಯಾರೆಂದು ಕೇಳಿದರೆ ಒಬ್ಬ ಸ್ತ್ರೀಯನ್ನೇ ಹೆಸರಿಸಬೇಕಾಗುವದು. ಡಾ. ಮುತ್ತುಲಕ್ಷ್ಮೀ ರೆಡ್ಡಿಯವರು 1886ರಲ್ಲಿ ಪುದುಕ್ಕೋಟೆಯಲ್ಲಿ ಹುಟ್ಟಿ, ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವದೇ ಅಪರೂಪವಾಗಿದ್ದ ಕಾಲದಲ್ಲಿ ಮದ್ರಾಸಿನ ವೈದ್ಯಕೀಯ ಕಾಲೇಜಿನಿಂದ 1912ರಲ್ಲಿ ಪದವಿ ಪಡೆದರು. 1927ರಲ್ಲಿ ಮದ್ರಾಸ್ ಶಾಸನಸಭೆಗೆ ನೇಮಕವಾಗಿ, ಅದರ ಉಪಾಧ್ಯಕ್ಷ ಪದವಿಗೂ ಆರಿಸಲ್ಪಟ್ಟರು. ದೇವದಾಸಿ ಪದ್ಧತಿಯನ್ನು ತೊಡೆಯುವದಕ್ಕಾಗಿ ಅವರು ನಡೆಯಿಸಿದ ಹೋರಾಟ ನಾಡಿಗೆಲ್ಲ ತಿಳಿದದ್ದು. 1930ರಲ್ಲಿ ಮಹಾತ್ಮಾ ಗಾಂಧಿಯವರನ್ನು ಸರಕಾರವು ಬಂಧಿಸಿದಾಗ, ಅದನ್ನು ಪ್ರತಿಭಟಿಸಿ ಶಾಸನಸಭೆಯ ಸ್ಥಾನವನ್ನು ತ್ಯಜಿಸಿದ ಧೀರೆ ಅವರು.

ಇಂಥವರ ಒಡಹುಟ್ಟಿದ ತಂಗಿ 1923ರಲ್ಲಿ ಕ್ಯಾನ್ಸರಿಗೆ ಬಲಿಯಾದರು. ಅಕ್ಕ ಸ್ವತಃ ವೈದ್ಯೆ. ಆದರೂ ತಂಗಿಯ ನೋವನ್ನು ನೋಡುತ್ತ ಕುಳಿತಿರುವದಲ್ಲದೆ ಹೆಚ್ಚಿನದೇನನ್ನೂ ಮಾಡಲಾಗದಂಥ ಸ್ಥಿತಿ ಅಂದಿನ ದಕ್ಷಿಣ ಭಾರತದಲ್ಲಿತ್ತು. ಎರಡು ವರುಷಗಳ ತರುವಾಯ ಉನ್ನತ ಶಿಕ್ಷಣಕ್ಕಾಗಿ ಇಂಗ್ಲಂಡಿಗೆ ಹೋದಾಗ ಲಂಡನ್ನಿನ ಕ್ಯಾನ್ಸರ್ ಆಸ್ಪತ್ರೆಯನ್ನು ಅವರು ಕಂಡರು. ತಮ್ಮ ನಾಡಿನಲ್ಲಿಯೂ ಇಂಥದೊಂದು ಆಗಬೇಕೆಂದು ಆಗಲೇ ನಿಶ್ಚಯಿಸಿದರು. 1935ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜಿನ ಶತಮಾನೋತ್ಸವದ ಸಭೆಯಲ್ಲಿ ಆ ನಿಶ್ಚಯವನ್ನು ಬಹಿರಂಗವಾಗಿ ಸಾರಿದರು.

ಸಂಕಲ್ಪಕ್ಕೂ ಸಿದ್ಧಿಗೂ ನಡುವೆ ಸುಮಾರು ಇಪ್ಪತ್ತು ವರುಷಗಳು ಕಳೆದವು. ಕ್ಯಾನ್ಸರಿಗೆ ಪ್ರತ್ಯೇಕ ಆಸ್ಪತ್ರೆಯಾದರೂ ಏತಕ್ಕೆ, ಆ ರೋಗ ಬಂದವರು ಹೇಗೂ ಸಾಯುವರಲ್ಲವೆ ಎಂಬರ್ಥದ ಮಾತು ಅಂದಿನ ಅಧಿಕಾರಸ್ಥರೊಬ್ಬರ ಬಾಯಿಂದಲೇ ಬಂದಿತೆಂದು ಈ ಸಂಸ್ಥೆಯ ಹಿರಿಯರು ಮುಂದೆ ನೆನೆಯುತ್ತಿದ್ದರು. ಸರಕಾರದ ಮುಖ ನೋಡುತ್ತ ಕುಳಿತಿದ್ದರೆ ಕಾರ್ಯವಾಗುತ್ತಿರಲಿಲ್ಲ. 1949ರಲ್ಲಿ ಭಾರತೀಯ ಮಹಿಳಾ ಸಂಘದ ಆಶ್ರಯದಲ್ಲಿ ಕ್ಯಾನ್ಸರ್ ಪರಿಹಾರ ನಿಧಿಯೊಂದನ್ನು ತೆರೆದು, ಸಾರ್ವಜನಿಕರಿಂದ ಹಣ ಕೂಡಿಸತೊಡಗಿದರು. 1917ರಲ್ಲಿ ಆನಿ ಬೆಸೆಂಟ್, ಮಾರ್ಗರೆಟ್ ಕಸಿನ್ಸ್ ಮೊದಲಾದವರು ಸ್ಥಾಪಿಸಿದ ಆ ಸಂಘದ ಹೆಸರು ಇಂದಿಗೂ ಆಸ್ಪತ್ರೆಯ ಹೆಸರಿನೊಡನೆ ಜೋಡಿಸಿಕೊಂಡಿರುವದು. 1952ನೆಯ ಅಕ್ಟೋಬರ್ 10ರಂದು ಪಂಡಿತ ಜವಾಹರಲಾಲ ನೆಹರೂ ಅವರು ಅಸ್ತಿಭಾರದ ಕಲ್ಲನ್ನಿಟ್ಟರು. 1954ನೆಯ ಜೂನ್ 18ರಂದು ಹನ್ನೆರಡೇ ಹನ್ನೆರಡು ಹಾಸಿಗೆಗಳ ಆಸ್ಪತ್ರೆಯು ಚಿಕ್ಕ ಕುಟೀರದಂಥ ಕಟ್ಟಡದಲ್ಲಿ ಬಾಗಿಲು ತೆರೆಯಿತು. ಮುಂಬಯಿಯಲ್ಲಿ ಟಾಟಾ ಮನೆತನದವರ ಔದಾರ್ಯದಿಂದ 1941ರಲ್ಲಿಯೇ ಟಾಟಾ ಸ್ಮಾರಕ ಆಸ್ಪತ್ರೆಯು ತೆರೆದಿತ್ತು. ಅಲ್ಲಿ ಶ್ರೀಮಂತ ಮನೆತನವೊಂದರ ದಾನ ಮಾಡಿದ ಕೆಲಸವನ್ನು ಇಲ್ಲಿ ಹೆಣ್ಣುಮಕ್ಕಳ ಸಂಘವೊಂದು ಚಂದಾ ಹಣದಿಂದ ಮಾಡತೊಡಗಿತು.

ಸೇವೆಗೆ ನಿಂತವರು

ಕಟ್ಟಡವು ಸಣ್ಣದಾಗಿದ್ದರೂ ಅದರಲ್ಲಿ ನಿಂತವರು ಸಣ್ಣವರಾಗಿರಲಿಲ್ಲ. ಮುತ್ತುಲಕ್ಷ್ಮಿಯವರ ಮಗ ಡಾ. ಎಸ್. ಕೃಷ್ಣಮೂರ್ತಿಯವರು ಆಸ್ಪತ್ರೆಯ ಹೊಣೆಯನ್ನು ಹೊತ್ತರು. 1955ರಲ್ಲಿ ಅವರೊಡನೆ ಬಂದು ಸೇರಿದವರು ಡಾ. ವಿ. ಶಾಂತಾ. ನಮ್ಮ ಬೆಂಗಳೂರಿನಲ್ಲಿ ನೆಲೆಸಿ ನಾಡಿಗೆ ಕೀರ್ತಿ ತಂದ ಸರ್ ಸಿ. ವಿ. ರಾಮನ್ನರ ಬಂಧುವರ್ಗದವರು ಈಕೆ. ಸರಕಾರಿ ಸೇವಾ ಆಯೋಗದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಎಗ್ಮೂರಿನ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಗೌರವದ ಉದ್ಯೋಗವು ಕೈಗೆ ಬಂದಿದ್ದಾಗ ಅದನ್ನು ಬಿಟ್ಟು, ಹನ್ನೆರಡು ಹಾಸಿಗೆಗಳ ಈ ಆಸ್ಪತ್ರೆಗೆ ಬಂದರು. ಮೊದಲ ಮೂರು ವರುಷ ಸಂಬಳವಿಲ್ಲದ ಸೇವೆ. ಆಮೇಲೆ ತಿಂಗಳಿಗೆ 200 ರೂಪಾಯಿ, ಆವರಣದಲ್ಲಿಯೇ ವಾಸ. 2021ನೆಯ ಜನವರಿ 19ರಂದು ತಮ್ಮ 93ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚುವವರೆಗೂ ಅವರ ಬಾಳು ಈ ಆಸ್ಪತ್ರೆಗೇ ಮುಡಿಪಾಗಿತ್ತು. 2005ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ಅವರನ್ನು ಹುಡುಕಿಕೊಂಡು ಬಂದಿತು. ಅವರು ಪ್ರಶಸ್ತಿಯನ್ನು ಹುಡುಕಿಕೊಂಡು ಹೋದವರಲ್ಲ.

ನಾವು ಈ ಹೆಸರುಗಳನ್ನು ಹೊಗಳಿಕೆಗಾಗಿ ಎತ್ತಲಿಲ್ಲ. ರೋಗಿಯ ಪೂರ್ಣ ಶುಶ್ರೂಷೆಯು ಯಾವ ನಿಯಮಾವಳಿಯಿಂದಲೂ ಹುಟ್ಟುವದಿಲ್ಲ. ರೋಗಿಯ ಬಳಿಯಲ್ಲಿಯೇ ಬಾಳಿದವರ ಕಣ್ಣಿಗೆ ಮಾತ್ರ ಅವನ ಎಲ್ಲ ಕೊರತೆಗಳೂ ಬೀಳುವವು. ಅಡ್ಯಾರಿನಲ್ಲಿ ಒಂದರ ಹಿಂದೊಂದು ಹುಟ್ಟಿಕೊಂಡ ಏರ್ಪಾಡುಗಳ ಮೂಲವು ಇದೇ ಎಂದು ನಾವು ತಿಳಿಯುವೆವು.

ಹಲವು ಕೈ, ಒಂದು ನಿರ್ಣಯ

ಮೊದಲನೆಯದು ಚಿಕಿತ್ಸೆಯ ರೀತಿ. ಕ್ಯಾನ್ಸರ್ ಎಂಬದು ಒಂದೇ ರೋಗವಲ್ಲ. ಬಾಯಿಯ ಹುಣ್ಣಿಗೂ, ಸ್ತನದ ಗಂಟಿಗೂ, ಮಗುವಿನ ರಕ್ತದಲ್ಲಿ ತಲೆದೋರುವ ಕೇಡಿಗೂ ಹೆಸರು ಒಂದಾದರೂ ನಡೆವಳಿಕೆ ಬೇರೆ ಬೇರೆ. ಗಂಟಿನ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲಲ್ಲದೆ ಅದು ಯಾವ ಜಾತಿಯದೆಂದು ನಿಶ್ಚಯವಾಗದು. ದೇಹದಲ್ಲಿ ಎಷ್ಟು ದೂರ ಹಬ್ಬಿದೆಯೆಂದು ಅಳೆದ ಮೇಲಲ್ಲದೆ ಯಾವ ಉಪಾಯವೆಂದು ನಿಶ್ಚಯವಾಗದು. ಶಸ್ತ್ರಕ್ರಿಯೆ, ವಿಕಿರಣ, ಔಷಧ ಎಂಬ ಮೂರು ಆಯುಧಗಳು ವೈದ್ಯನ ಕೈಯಲ್ಲಿರುವವು. ಹಿಂದೆ ಶಸ್ತ್ರವೈದ್ಯನ ಬಾಗಿಲು ತಟ್ಟಿದವನಿಗೆ ಶಸ್ತ್ರಕ್ರಿಯೆಯೇ ಗತಿ, ವಿಕಿರಣ ವೈದ್ಯನ ಬಾಗಿಲು ತಟ್ಟಿದವನಿಗೆ ವಿಕಿರಣವೇ ಗತಿ ಎಂಬಂತಿತ್ತು. ಈ ಮೂವರೂ, ಅವರೊಡನೆ ಅಂಗಾಂಶವನ್ನು ಪರೀಕ್ಷಿಸಿದ ರೋಗಶಾಸ್ತ್ರಜ್ಞನೂ ಒಂದೇ ಕಡೆ ಕುಳಿತು, ಒಬ್ಬ ರೋಗಿಯ ವಿಷಯವನ್ನು ಚರ್ಚಿಸಿ, ಯಾವದು ಮೊದಲು ಯಾವದು ಆಮೇಲೆ ಎಂದು ನಿರ್ಣಯಿಸುವ ಪದ್ಧತಿಯೇ ಇಂದಿನ ಕ್ಯಾನ್ಸರ್ ವೈದ್ಯಕದ ಬೆನ್ನೆಲುಬು. ಮುಂದುವರಿದ ಬಾಯಿಯ ಕ್ಯಾನ್ಸರಿನಲ್ಲಿ ಔಷಧ ಮತ್ತು ವಿಕಿರಣಗಳನ್ನು ಜೊತೆಗೂಡಿಸುವ ಪ್ರಯೋಗಗಳನ್ನು ನಮ್ಮ ದೇಶದಲ್ಲಿ ಮೊದಮೊದಲು ಕೈಕೊಂಡವರಲ್ಲಿ ಅಡ್ಯಾರಿನ ವೈದ್ಯರು ಸೇರಿದ್ದರು.

ಬಡ ಸಂಸ್ಥೆಯೆಂದು ಅವರು ಹಳೆಯ ಸಾಧನಗಳಿಂದಲೇ ತೃಪ್ತರಾಗಲಿಲ್ಲವೆಂಬದನ್ನೂ ಇಲ್ಲಿ ಹೇಳಬೇಕು. 1950ರ ದಶಕದ ಉತ್ತರಾರ್ಧದಲ್ಲಿಯೇ ಕೆನಡಾ ದೇಶದಿಂದ ಕೋಬಾಲ್ಟ್ ವಿಕಿರಣ ಯಂತ್ರವನ್ನು ದೊರಕಿಸಿಕೊಂಡರು. 1975ರಲ್ಲಿ ಕೇಂದ್ರ ಸರಕಾರವು ಇದನ್ನು ಪ್ರಾಂತೀಯ ಕ್ಯಾನ್ಸರ್ ಕೇಂದ್ರವೆಂದು ಮನ್ನಿಸಿತು. 1984ರಲ್ಲಿ ಕ್ಯಾನ್ಸರ್ ವಿದ್ಯೆಗಾಗಿಯೇ ಕಾಲೇಜೊಂದನ್ನು ತೆರೆದು, ತಾವು ಕಲಿತದ್ದನ್ನು ಇತರರಿಗೆ ಕಲಿಸತೊಡಗಿದರು. ಬಡವನಿಗೆ ಎರಡನೆಯ ದರ್ಜೆಯ ಚಿಕಿತ್ಸೆ ಸಾಕೆಂಬ ಭಾವನೆಯು ದಾನದ ವೇಷ ತೊಟ್ಟ ಅವಮಾನ. ಅದಕ್ಕೆ ಈ ಸಂಸ್ಥೆ ಎಡೆಗೊಡಲಿಲ್ಲ.

ಅನ್ನ, ವಸತಿ, ದಾರಿಯ ಖರ್ಚು

ಎರಡನೆಯದು, ಚಿಕಿತ್ಸೆಯ ಸುತ್ತಲಿನ ಬದುಕು. ವಿಕಿರಣ ಚಿಕಿತ್ಸೆಯ ಸ್ವರೂಪವನ್ನು ತಿಳಿದರೆ ಇದರ ಮಹತ್ವವು ಮನಗಾಣುವದು. ಗಂಟನ್ನು ಸುಡಬಲ್ಲ ಕಿರಣವು ಸುತ್ತಲಿನ ಆರೋಗ್ಯವಂತ ಅಂಗಾಂಶವನ್ನೂ ಸುಡಬಲ್ಲದು. ಆದುದರಿಂದ ಒಟ್ಟು ಪ್ರಮಾಣವನ್ನು ಸಣ್ಣ ಸಣ್ಣ ಪಾಲುಗಳಾಗಿ ಒಡೆದು, ಸಾಮಾನ್ಯವಾಗಿ ವಾರಕ್ಕೆ ಐದು ದಿನಗಳಂತೆ ಐದರಿಂದ ಏಳು ವಾರ ಕೊಡುವರು. ಒಂದು ದಿನದ ಪಾಲಿಗೆ ಬೇಕಾಗುವದು ಕೆಲವೇ ನಿಮಿಷ. ಆದರೆ ಆ ಕೆಲವು ನಿಮಿಷಗಳಿಗಾಗಿ ರೋಗಿಯು ಒಂದೂವರೆ ತಿಂಗಳು ಪರಸ್ಥಳದಲ್ಲಿರಬೇಕು. ಜೊತೆಗೆ ಮಗನೋ ಹೆಂಡತಿಯೋ ಇರಲೇಬೇಕು. ಇಬ್ಬರ ಕೂಲಿ ನಿಂತಿತು. ಇಬ್ಬರ ಹೊಟ್ಟೆಯ ಖರ್ಚು ಬೆಳೆಯಿತು. ನಡುವೆ ನಿಲ್ಲಿಸಿ ಊರಿಗೆ ಹೋದರೆ ಗಂಟು ಮತ್ತೆ ಬೆಳೆಯಲು ಅವಕಾಶವಾಗಿ, ಅಲ್ಲಿಯವರೆಗಿನ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಔಷಧ ಚಿಕಿತ್ಸೆಯೂ ಹೀಗೆಯೇ. ಮೂರು ವಾರಗಳಿಗೊಮ್ಮೆ ಎಂಬಂತೆ ತಿಂಗಳುಗಟ್ಟಲೆ ನಡೆಯುವದು. ಅದರ ನಡುವೆ ರಕ್ತದಲ್ಲಿಯ ಬಿಳಿಯ ಕಣಗಳು ಕುಗ್ಗಿ, ಸಣ್ಣ ಸೋಂಕೂ ಪ್ರಾಣಕ್ಕೆ ಬರುವದು. ಅಂಥ ರೋಗಿಯು ಆಸ್ಪತ್ರೆಯ ಗೋಡೆಯ ಹೊರಗೆ, ಕಾಲುದಾರಿಯಲ್ಲಿ, ಸೊಳ್ಳೆ ಧೂಳುಗಳ ನಡುವೆ ಮಲಗಿದರೆ ಒಳಗಿನ ಔಷಧ ಯಾರನ್ನು ರಕ್ಷಿಸಬಲ್ಲದು?

ಅಡ್ಯಾರಿನವರು ಇದಕ್ಕೆ ಕಂಡುಕೊಂಡ ಮಾರ್ಗವು ಸರಳವಾದದ್ದು. ಅನುಕೂಲಸ್ಥರು ತಮ್ಮ ಖರ್ಚನ್ನು ತಾವು ಕೊಡುವರು. ಅಲ್ಲದವರು ಕೊಡಬಲ್ಲಷ್ಟನ್ನು ಕೊಡುವರು. ಏನೂ ಇಲ್ಲದವರಿಗೆ ಊಟ ವಸತಿಗಳ ಸಮೇತ ಚಿಕಿತ್ಸೆಯು ಉಚಿತ. 2005ರ ಸುಮಾರಿಗೆ ನೂರಕ್ಕೆ ಅರುವತ್ತರಷ್ಟು ರೋಗಿಗಳು ಹೀಗೆ ಉಚಿತವಾಗಿ ಇಲ್ಲವೆ ಅಲ್ಪ ವೆಚ್ಚದಲ್ಲಿ ಆರೈಕೆ ಪಡೆಯುತ್ತಿದ್ದರು. ಹಣ ಕೊಟ್ಟವನಿಗೆ ಪ್ರತ್ಯೇಕ ಕೋಣೆ ಸಿಕ್ಕೀತು. ಪ್ರತ್ಯೇಕ ವೈದ್ಯಶಾಸ್ತ್ರ ಸಿಗದು. ಸಾಮಾಜಿಕ ಕಾರ್ಯಕರ್ತರು ರೋಗಿಯ ಮನೆಯ ಪರಿಸ್ಥಿತಿಯನ್ನು ವಿಚಾರಿಸಿ, ಯಾವ ಯೋಜನೆಯಿಂದ ಅಥವಾ ಯಾವ ದಾನಿಯಿಂದ ಅವನಿಗೆ ನೆರವು ದೊರಕೀತೆಂದು ಹುಡುಕುವರು.

ಇಲ್ಲಿ ನಮ್ಮ ವಾಚಕರಿಗೆ ಉಪಯುಕ್ತವಾದ ಒಂದು ಸಂಗತಿಯನ್ನು ಹೇಳದಿರಲಾರೆವು. ಚಿಕಿತ್ಸೆಗಾಗಿ ಇಲ್ಲವೆ ಮರುಪರೀಕ್ಷೆಗಾಗಿ ಪ್ರಯಾಣ ಮಾಡುವ ಕ್ಯಾನ್ಸರ್ ರೋಗಿಗೆ ಭಾರತೀಯ ರೇಲ್ವೆಯು ಸ್ಲೀಪರ್ ವರ್ಗದಲ್ಲಿ ಪೂರ್ಣ ವಿನಾಯಿತಿಯನ್ನೂ, ಜೊತೆಗೆ ಹೋಗುವ ಒಬ್ಬರಿಗೆ ನೂರಕ್ಕೆ 75ರಷ್ಟು ವಿನಾಯಿತಿಯನ್ನೂ ಕೊಡುವದು. ಆಸ್ಪತ್ರೆಯವರು ಕೊಡುವ ಪ್ರಮಾಣಪತ್ರವೊಂದಿದ್ದರೆ ಸಾಕು. ಈ ಸವಲತ್ತನ್ನು ಅರಿಯದೆ ಸಾಲ ಮಾಡಿ ಟಿಕೀಟು ಕೊಳ್ಳುವ ಬಡವರು ಇಂದಿಗೂ ಇರುವರು. ತಿಳಿದವರು ತಿಳಿಯದವರಿಗೆ ಹೇಳಿದರೆ ಅದೂ ಒಂದು ಶುಶ್ರೂಷೆಯೇ.

ಎಳೆಯ ಜೀವಗಳು

1960ರಷ್ಟು ಹಿಂದೆಯೇ ಅಡ್ಯಾರಿನಲ್ಲಿ ಮಕ್ಕಳ ಕ್ಯಾನ್ಸರಿಗೆ ಪ್ರತ್ಯೇಕ ವಿಭಾಗ ಆರಂಭವಾಯಿತು. ಮಗುವಿಗೆ ಕ್ಯಾನ್ಸರ್ ಬರುವದೆಂಬದನ್ನೇ ಅಂದು ಬಹಳ ಜನ ನಂಬುತ್ತಿರಲಿಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆಯು ಎರಡು ಮೂರು ವರುಷ ನಡೆಯುವದು. 1980ರ ದಶಕದಲ್ಲಿ ಅಡ್ಯಾರ್, ಮುಂಬಯಿಯ ಟಾಟಾ ಆಸ್ಪತ್ರೆ, ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಗಳು ಅಮೇರಿಕೆಯ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಹಕಾರದಿಂದ ನಮ್ಮ ದೇಶದ ಸ್ಥಿತಿಗೆ ಒಪ್ಪುವ ಒಂದೇ ಚಿಕಿತ್ಸಾಕ್ರಮವನ್ನು ಅನುಸರಿಸತೊಡಗಿದವು. ಬದುಕುಳಿಯುವ ಮಕ್ಕಳ ಪ್ರಮಾಣವು ಹಿಂದಿಗಿಂತ ಬಹಳ ಏರಿತು. ಆದರೆ ರೋಗದಿಂದ ಪಾರಾಗುವ ದಾರಿಯಲ್ಲಿದ್ದ ಕೆಲವು ಮಕ್ಕಳು ಸೋಂಕಿನಿಂದ ತೀರಿಕೊಂಡರೆಂಬದನ್ನೂ ಆ ಅನುಭವವೇ ತೋರಿಸಿತು. ಔಷಧದ ಸೀಸೆಯಷ್ಟೇ ಮುಖ್ಯವಾದದ್ದು ಸ್ವಚ್ಛವಾದ ನೀರು, ಹದವಾದ ಅನ್ನ, ಜ್ವರ ಬಂದ ಗಳಿಗೆಯಲ್ಲಿಯೇ ಮುಟ್ಟಬಹುದಾದ ವೈದ್ಯನ ಬಾಗಿಲು ಎಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರು ಕಲಿಸಬಲ್ಲರು?

ಮನಸ್ಸಿನ ಗಾಯ, ಮೈಯ ನೋವು

ಕ್ಯಾನ್ಸರಿನಿಂದ ಪಾರಾದವನು ಮೊದಲಿನ ಮನುಷ್ಯನಾಗಿಯೇ ಮನೆಗೆ ಮರಳುವನೆಂಬ ನೇಮವಿಲ್ಲ. ಗಂಟಲಿನ ಧ್ವನಿಪೆಟ್ಟಿಗೆಯನ್ನು ತೆಗೆಯಿಸಿಕೊಂಡವನಿಗೆ ಮಾತು ಹೋಗುವದು. ಅವನಿಗೆ ಹೊಸ ರೀತಿಯಲ್ಲಿ ನುಡಿಯುವದನ್ನು ಕಲಿಸಬೇಕು. ಸ್ತನವನ್ನು ಕಳೆದುಕೊಂಡ ಹೆಣ್ಣುಮಗಳ ತೋಳು ಬಾವು ಬಂದು ಬಿಗಿಯದಂತೆ ವ್ಯಾಯಾಮ ಮಾಡಿಸಬೇಕು. ಹೊಟ್ಟೆಯ ಮೇಲೆ ಮಲದ್ವಾರವನ್ನು ಮಾಡಿಸಿಕೊಂಡವರಿಗೆ ಅದನ್ನು ಶುಚಿಯಾಗಿಟ್ಟುಕೊಂಡು ಮರ್ಯಾದೆಯಿಂದ ನಾಲ್ವರಲ್ಲಿ ಬಾಳುವ ಬಗೆಯನ್ನು ತಿಳಿಸಬೇಕು. ಇವೆಲ್ಲಕ್ಕೂ ಮಿಗಿಲಾಗಿ ಅವರ ಅಂಜಿಕೆಯನ್ನು ಕೇಳಿಕೊಳ್ಳುವ ಒಂದು ಕಿವಿ ಬೇಕು. ಗಂಡನಿಂದ ತ್ಯಕ್ತಳಾದ ಹೆಂಡತಿ, ತಟ್ಟೆ ಲೋಟಗಳನ್ನು ಬೇರೆಯಿಡಲ್ಪಟ್ಟ ತಾಯಿ, ತನ್ನ ಪಾಪದ ಫಲವೇ ಇದೆಂದು ಕೊರಗುವ ಮುದುಕ, ಇವರೆಲ್ಲ ಕ್ಯಾನ್ಸರ್ ವಾರ್ಡುಗಳಲ್ಲಿ ನಿತ್ಯವೂ ಕಾಣಸಿಗುವರು. ಕ್ಯಾನ್ಸರ್ ಮುಟ್ಟುವದರಿಂದ ಹರಡುವ ರೋಗವಲ್ಲ, ಯಾರ ಶಾಪವೂ ಅಲ್ಲ ಎಂಬಿಷ್ಟನ್ನು ಮನೆಯವರಿಗೆ ಮನದಟ್ಟು ಮಾಡಿಸಿದರೂ ರೋಗಿಯ ಅರ್ಧ ಭಾರ ಇಳಿಯುವದು. ಮನೋವೈದ್ಯಕ್ಕೆಂದೇ ಒಂದು ವಿಭಾಗವನ್ನು ಅಡ್ಯಾರಿನವರು ನಡೆಯಿಸುತ್ತಿರುವದು ಈ ಕಾರಣದಿಂದಲೇ.

ಗುಣವಾಗುವ ಆಸೆ ಮೀರಿದವರ ಮಾತೇನು? "ಇನ್ನು ಮನೆಗೆ ಕರೆದುಕೊಂಡು ಹೋಗಿರಿ" ಎಂದು ಹೇಳಿ ಕೈ ತೊಳೆದುಕೊಳ್ಳುವದು ಶುಶ್ರೂಷೆಯ ಅಂತ್ಯವಾಗಬಾರದು. ಕ್ಯಾನ್ಸರಿನ ಕಡು ನೋವಿಗೆ ಮಾರ್ಫೀನು ಅಗ್ಗದ, ಬಲವಾದ ಔಷಧ. ನೋವಿನ ಪ್ರಮಾಣಕ್ಕನುಸಾರವಾಗಿ ಮೆಟ್ಟಿಲು ಮೆಟ್ಟಿಲಾಗಿ ಅದನ್ನು ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿಯೇ ಸಾರಿತು. ಆದರೆ ನಮ್ಮಲ್ಲಿ 1985ರ ಮಾದಕ ದ್ರವ್ಯಗಳ ಕಾನೂನಿನ ಕಟ್ಟುಕಟ್ಟಳೆಗಳಿಗೆ ಅಂಜಿ ಆಸ್ಪತ್ರೆಗಳೂ ಔಷಧದಂಗಡಿಗಳೂ ಅದನ್ನು ಇಟ್ಟುಕೊಳ್ಳುವದನ್ನೇ ಬಿಟ್ಟವು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಹೊಲಗಳಲ್ಲಿ ಸರಕಾರದ ಅಪ್ಪಣೆಯಿಂದಲೇ ಅಫೀಮು ಬೆಳೆದು ಪರದೇಶಗಳ ಔಷಧಶಾಲೆಗಳಿಗೆ ಹೋಗುತ್ತಿರುವಾಗ, ಅದೇ ದೇಶದ ರೋಗಿಯು ಒಂದು ಗುಳಿಗೆಯಿಲ್ಲದೆ ನರಳುತ್ತಿದ್ದನೆಂದರೆ ಅದಕ್ಕಿಂತ ನಾಚಿಕೆಗೇಡಾದದ್ದು ಯಾವದು? ಡಾ. ಎಂ. ಆರ್. ರಾಜಗೋಪಾಲರೇ ಮೊದಲಾದವರು ಬಹುಕಾಲ ಹೋರಾಡಿದ ಫಲವಾಗಿ 2014ರಲ್ಲಿ ಆ ಕಾನೂನಿಗೆ ತಿದ್ದುಪಡಿಯಾಯಿತು. ಕಾನೂನು ಸಡಿಲಾಯಿತು, ವೈದ್ಯರ ಮತ್ತು ಅಧಿಕಾರಿಗಳ ಅಂಜಿಕೆಯೂ ಸಡಿಲಾಗಬೇಕಾಗಿದೆ. ನಮ್ಮ ಬೆಂಗಳೂರಿನಲ್ಲಿ 1999ರಿಂದ ನಡೆಯುತ್ತಿರುವ ಕರುಣಾಶ್ರಯವು ಇಂಥ ಕೊನೆಯ ಹಂತದ ರೋಗಿಗಳನ್ನು ಹಣ ಕೇಳದೆ ಸಾಕುತ್ತಿರುವದು ಕನ್ನಡಿಗರೆಲ್ಲ ಹೆಮ್ಮೆಪಡತಕ್ಕ ಸಂಗತಿ.

ರೋಗ ಬರುವ ಮುನ್ನ

ಆಸ್ಪತ್ರೆಯ ಕೆಲಸ ಆಸ್ಪತ್ರೆಯ ಬಾಗಿಲಿನಿಂದಲೇ ಆರಂಭವಾಗಬೇಕೆಂಬ ನೇಮವೂ ಇಲ್ಲ. ಯಾವ ಊರಿನಲ್ಲಿ ಯಾವ ಕ್ಯಾನ್ಸರ್ ಎಷ್ಟು ಜನರಿಗೆ ಬರುತ್ತಿದೆ ಎಂಬ ಲೆಕ್ಕವಿಲ್ಲದೆ ಯುದ್ಧಕ್ಕೆ ಹೊರಟವನು ಶತ್ರುವಿನ ಬಲವನ್ನು ತಿಳಿಯದೆ ಹೊರಟಂತೆಯೇ ಸರಿ. 1980ರ ದಶಕದ ಆರಂಭದಲ್ಲಿ ಮದ್ರಾಸ್, ಬೆಂಗಳೂರು, ಮುಂಬಯಿಗಳಲ್ಲಿ ರಾಷ್ಟ್ರೀಯ ಯೋಜನೆಯ ಅಂಗವಾಗಿ ಕ್ಯಾನ್ಸರ್ ದಾಖಲೆಯ ಕಾರ್ಯವು ತೊಡಗಿತು. ಮದ್ರಾಸಿನ ದಾಖಲೆಯನ್ನು ಅಡ್ಯಾರಿನವರೂ, ಬೆಂಗಳೂರಿನ ದಾಖಲೆಯನ್ನು ಕಿದ್ವಾಯಿ ಸಂಸ್ಥೆಯವರೂ ಇಡುತ್ತ ಬಂದಿರುವರು. ಪಟ್ಟಣಗಳಲ್ಲಿ ಹೆಂಗಸರ ಗರ್ಭಕೊರಳಿನ ಕ್ಯಾನ್ಸರ್ ಇಳಿಮುಖವಾಗಿ, ಸ್ತನದ ಕ್ಯಾನ್ಸರ್ ಏರುಮುಖವಾಗಿರುವ ಸಂಗತಿಯು ಈ ಲೆಕ್ಕಗಳಿಂದಲೇ ಹೊರಬಿದ್ದದ್ದು.

ಗರ್ಭಕೊರಳಿನ ಕ್ಯಾನ್ಸರಿನ ಮೂಲವು ಒಂದು ವೈರಾಣುವೆಂಬದನ್ನು ಕಂಡುಹಿಡಿದ ಹೆರಾಲ್ಡ್ ಜುರ್ ಹೌಸೆನ್ನರಿಗೆ 2008ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಅದನ್ನು ತಡೆಯುವ ಲಸಿಕೆ ಇಂದು ನಮ್ಮ ದೇಶದಲ್ಲಿಯೇ ತಯಾರಾಗುವದು. 9ರಿಂದ 14 ವರುಷದ ಹುಡುಗಿಯರಿಗೆ ಅದನ್ನು ಹಾಕಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿರುವದು. ನಮ್ಮ ಬೀದರಿಗೆ ನೆರೆಯ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡು ನಡೆದ ಅಧ್ಯಯನವು 2009ರಲ್ಲಿ ಪ್ರಕಟವಾಯಿತು. ಆ ವೈರಾಣುವಿಗಾಗಿ ಒಮ್ಮೆ ಪರೀಕ್ಷೆ ಮಾಡಿ ತಕ್ಕ ಚಿಕಿತ್ಸೆಯನ್ನು ಕೊಟ್ಟ ಹಳ್ಳಿಗಳಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಮರಾಠವಾಡೆಯ ರೈತ ಹೆಣ್ಣುಮಕ್ಕಳಲ್ಲಿ ಸಾಧ್ಯವಾದದ್ದು ಕಲಬುರ್ಗಿ ರಾಯಚೂರುಗಳ ರೈತ ಹೆಣ್ಣುಮಕ್ಕಳಲ್ಲಿ ಸಾಧ್ಯವಾಗದೆ?

ಗಂಡಸರ ಬಾಯಿಯ ಕ್ಯಾನ್ಸರಿನ ಮಾತಂತೂ ಇನ್ನೂ ಸ್ಪಷ್ಟ. ಅದಕ್ಕೆ ನಾವೇ ಹಣ ಕೊಟ್ಟು ಆಮಂತ್ರಣ ಕಳುಹಿಸುತ್ತಿರುವೆವು. 2016–17ರ ಸರಕಾರಿ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 23 ಜನ ಒಂದಿಲ್ಲೊಂದು ರೂಪದಲ್ಲಿ ತಂಬಾಕನ್ನು ಸೇವಿಸುವರು. 2013ರಲ್ಲಿ ನಮ್ಮ ಸರಕಾರವು ಗುಟಕಾವನ್ನು ನಿಷೇಧಿಸಿತು. ಕೂಡಲೆ ಅಡಕೆ ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ಮಾರಾಟಕ್ಕೆ ಬಂದವು. ಕೊಂಡವನು ಎರಡನ್ನೂ ಕೂಡಿಸಿ ಬಾಯಿಗೆ ಹಾಕಿಕೊಂಡನು. ಹುಣಸೂರು, ಪಿರಿಯಾಪಟ್ಟಣಗಳ ಕಡೆಯ ರೈತನು ಹೊಗೆಸೊಪ್ಪನ್ನು ನೆಚ್ಚಿ ಬಾಳುತ್ತಿರುವದು ನಮಗೆ ತಿಳಿಯದ ಮಾತಲ್ಲ; ಅವನಿಗೆ ಬೇರೊಂದು ಬೆಳೆಯ ಭರವಸೆಯನ್ನು ಕೊಡದೆ ಉಪದೇಶ ಮಾಡುವದೂ ನ್ಯಾಯವಲ್ಲ. ಆದರೆ ಒಂದು ಕೈಯಿಂದ ತಂಬಾಕಿನ ತೆರಿಗೆಯನ್ನು ಎಣಿಸಿ, ಇನ್ನೊಂದು ಕೈಯಿಂದ ಕ್ಯಾನ್ಸರ್ ವಾರ್ಡಿನ ಹಾಸಿಗೆಗಳನ್ನು ಎಣಿಸುವ ರಾಜ್ಯವು ತನ್ನ ಲೆಕ್ಕವನ್ನೊಮ್ಮೆ ತಾಳೆ ನೋಡಿಕೊಳ್ಳುವದು ಒಳ್ಳೆಯದು.

ನಮ್ಮ ನಾಡಿನ ಕರ್ತವ್ಯ

ಕರ್ನಾಟಕದಲ್ಲಿ ಏನೂ ಇಲ್ಲವೆಂದು ನಾವು ಹೇಳುವದಿಲ್ಲ. ಸ್ವಾತಂತ್ರ್ಯ ಯೋಧ ರಫಿ ಅಹಮದ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಸಂಸ್ಥೆಯು 1980ರಲ್ಲಿ ಪ್ರಾಂತೀಯ ಕ್ಯಾನ್ಸರ್ ಕೇಂದ್ರವಾಗಿ, ನಾಡಿನ ಮೂಲೆಮೂಲೆಗಳಿಂದ ಬರುವ ಬಡವರಿಗೆ ಆಸರೆಯಾಗಿದೆ. ಅದರ ಆವರಣದಲ್ಲಿ ದಾನಿಗಳು ಕಟ್ಟಿಸಿದ ಧರ್ಮಶಾಲೆಗಳುಂಟು. ಕಲಬುರ್ಗಿಯಲ್ಲಿ ಅದರ ಶಾಖೆಯುಂಟು. ಹುಬ್ಬಳ್ಳಿಯ ನವನಗರದಲ್ಲಿಯೂ ಕ್ಯಾನ್ಸರ್ ಆಸ್ಪತ್ರೆಯುಂಟು. 2018ರಿಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಗಳ ಚಿಕಿತ್ಸಾವೆಚ್ಚದ ಬಹುಭಾಗವನ್ನು ಹೊತ್ತಿರುವದು. ಆದರೆ ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರುಗಳ ಹಾದಿ. ವಿಜಯಪುರ ಬೆಳಗಾವಿಗಳ ಎಷ್ಟೋ ಜನ ಮುಂಬಯಿಯ ಗಾಡಿ ಹತ್ತುವರು. ಕೋಲಾರ ಚಿತ್ತೂರುಗಳ ಗಡಿಯವರಿಗೆ ಚೆನ್ನೈಯೂ ದೂರವಲ್ಲ. ಯೋಜನೆಯು ಔಷಧದ ಬೆಲೆಯನ್ನು ಕೊಟ್ಟೀತು. ಆರು ವಾರದ ಅನ್ನವನ್ನೂ, ಕಳೆದ ಕೂಲಿಯನ್ನೂ, ನಿಲ್ಲುವ ನೆರಳನ್ನೂ ಯಾರು ಕೊಡಬೇಕು?

ನಮ್ಮ ಸೂಚನೆಗಳು ಮಿತವಾಗಿರುವವು. ವಿಕಿರಣ ಯಂತ್ರವನ್ನು ತರಿಸುವ ಪ್ರತಿಯೊಂದು ಊರಿನಲ್ಲಿಯೂ ಯಂತ್ರದ ಕೋಣೆಯೊಡನೆಯೇ ರೋಗಿಗಳ ಧರ್ಮಶಾಲೆಯೂ ಅನ್ನಛತ್ರವೂ ಏಳಬೇಕು. ಅದರ ನಕಾಶೆಯನ್ನು ನೋಡದೆ ಯಂತ್ರಕ್ಕೆ ಹಣ ಮಂಜೂರು ಮಾಡಬಾರದು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟುಹೋದವರ ಮನೆಗೆ ಸುದ್ದಿ ಕಳುಹಿಸಿ, ಏಕೆ ಬಿಟ್ಟರೆಂದು ವಿಚಾರಿಸುವ ಒಬ್ಬ ನೌಕರನು ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಇರಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾರ್ಫೀನು ದೊರೆಯಬೇಕು; ಅದನ್ನು ಕೊಡಬಲ್ಲ, ಕೊಡಲು ಹೆದರದ ವೈದ್ಯರೂ ದೊರೆಯಬೇಕು. ಮಾಸದ ಬಾಯಿಹುಣ್ಣು, ಕರಗದ ಗಂಟು, ಕಾರಣವಿಲ್ಲದ ರಕ್ತಸ್ರಾವ, ಬದಲಾದ ದನಿ, ಇವುಗಳಲ್ಲಿ ಯಾವದನ್ನು ಕಂಡರೂ ಮುಚ್ಚಿಡದೆ ವೈದ್ಯರ ಬಳಿಗೆ ಹೋಗಬೇಕೆಂಬದನ್ನು ಆಶಾ ಕಾರ್ಯಕರ್ತೆಯರೂ ಶಾಲೆಯ ಮಾಸ್ತರರೂ ಹಳ್ಳಿ ಹಳ್ಳಿಗೆ ಮುಟ್ಟಿಸಬೇಕು.

ಸರಕಾರದ ಕೆಲಸವನ್ನು ಸರಕಾರ ಮಾಡಲಿ. ನಮ್ಮ ಮಹಿಳಾ ಸಮಾಜಗಳೂ, ಮಠಗಳೂ, ವರ್ತಕ ಸಂಘಗಳೂ ಅಡ್ಯಾರಿನ ಆರಂಭವನ್ನು ನೆನೆಯಲಿ. ಯಾತ್ರಿಕರಿಗೆ ಛತ್ರ ಕಟ್ಟಿಸುವದನ್ನು ಪುಣ್ಯವೆಂದು ತಿಳಿದ ನಾಡಿದು. ಇಂದಿನ ಯಾತ್ರಿಕರಲ್ಲಿ ಬಹು ಜನರು ಕೈಯಲ್ಲಿ ಆಸ್ಪತ್ರೆಯ ಕಾಗದಗಳ ಚೀಲವನ್ನು ಹಿಡಿದು, ತಲೆಗೆ ವಸ್ತ್ರ ಸುತ್ತಿಕೊಂಡು, ರಾತ್ರಿಯ ಗಾಡಿಯಿಂದ ಇಳಿಯುತ್ತಿರುವರು. ಅವರ ದಾರಿಯಲ್ಲಿ ಒಂದು ಛತ್ರವನ್ನು ಕಟ್ಟಿಸುವ ಪುಣ್ಯವಂತರು ಯಾರು?

ತಂಗಿಯೊಬ್ಬಳ ಸಾವನ್ನು ಅಕ್ಕನೊಬ್ಬಳು ಮರೆಯದಿದ್ದುದರಿಂದ ಅಡ್ಯಾರಿನ ಸಂಸ್ಥೆ ಹುಟ್ಟಿತು. ನಮ್ಮ ನಾಡಿನಲ್ಲಿಯೂ ಇಂಥ ಸಾವನ್ನು ಕಾಣದ ಮನೆತನಗಳು ಕಡಿಮೆ. ಆ ದುಃಖವನ್ನು ಗುಟ್ಟಾಗಿ ನುಂಗದೆ, ನೆರೆಯವನ ಮನೆಗೆ ಅದು ಬಾರದಂತೆ ದುಡಿಯುವದಕ್ಕೆ ಕನ್ನಡಿಗರು ಮನಸ್ಸು ಮಾಡಲಿ ಎಂದು ನಾವು ಹಾರೈಸುವೆವು.